ಗ್ರೀಕರ ಕ್ರೀಡಾಂಗಣವೂ ನಮ್ಮ ನಾಡಿನ ಮಲ್ಲರಂಗವೂ

ಮೊಳಕಾಲ್ಮೂರು ಎಂದೊಡನೆ ವಾಚಕರ ಮನಸ್ಸಿಗೆ ರೇಷ್ಮೆ ಸೀರೆ ಬರುತ್ತದೆ. ಚಳ್ಳಕೆರೆ ಎಂದೊಡನೆ ಶೇಂಗಾ ಎಣ್ಣೆಯ ಗಿರಣಿಗಳೂ ಕರಿಯ ಕಂಬಳಿಗಳೂ ನೆನಪಾಗುತ್ತವೆ. ಮಳೆ ಕಡಿಮೆಯಾದ, ಬಂಡೆಗಳೇ ಹೆಚ್ಚಾದ ಈ ಎರಡು ತಾಲ್ಲೂಕುಗಳಿಗೂ, ಕಡಲಾಚೆಯ ಗ್ರೀಸ್ ದೇಶದಲ್ಲಿ ಎರಡೂವರೆ ಸಾವಿರ ವರ್ಷಗಳ ಹಿಂದೆ ನಡೆಯುತ್ತಿದ್ದ ಕ್ರೀಡೋತ್ಸವಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ಸಹಜವೇ. ಆದರೆ ಇತಿಹಾಸವು ಕೆಲವೊಮ್ಮೆ ನಾವು ನಿರೀಕ್ಷಿಸದ ಕಡೆಯಲ್ಲಿ ಬಾಗಿಲು ತೆರೆಯುತ್ತದೆ. ಅಂಥದೊಂದು ಬಾಗಿಲು ನಮ್ಮ ಬ್ರಹ್ಮಗಿರಿಯ ಬಂಡೆಯಲ್ಲಿದೆ. ಅದರ ಮೂಲಕ ಒಳಹೊಕ್ಕು, ಆಟವೆಂಬುದು ಸಮಾಜದಲ್ಲಿಯೂ ರಾಜ್ಯದಲ್ಲಿಯೂ ಯಾವ ಸ್ಥಾನ ಪಡೆದಿತ್ತೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಕಳುಹಿಸಿದ ಧರ್ಮಾಜ್ಞೆಯದು. ಆ ಇಸಿಲವೇ ಬ್ರಹ್ಮಗಿರಿಯ ತಪ್ಪಲಿನ ಪುರಾತನ ಪಟ್ಟಣ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿ ಉತ್ಖನನ ನಡೆಸಿದರು. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ತಾನು ಲಿಪಿಕಾರನೆಂದು ಹೇಳಿಕೊಳ್ಳುವಾಗ ಚಪಡನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯನ್ನು ಬಳಸಿದನು. ಖರೋಷ್ಠಿಯು ಭರತಖಂಡದ ವಾಯವ್ಯ ಭಾಗದ ಲಿಪಿ. ಆ ಭಾಗಕ್ಕೆ ಹೊಂದಿದ ಕಂದಹಾರದಲ್ಲಿ ಅಶೋಕನೇ ಗ್ರೀಕ್ ಭಾಷೆಯಲ್ಲಿ ಶಾಸನ ಬರೆಯಿಸಿದ್ದನು; ಅದು 1958ರಲ್ಲಿ ದೊರೆಯಿತು. ಇಂದಿನ ಅಫ್ಘಾನಿಸ್ತಾನದ ಆಯ್ ಖಾನುಮ್ ಎಂಬಲ್ಲಿ ಗ್ರೀಕ್ ನಗರವೊಂದರ ಅವಶೇಷಗಳ ನಡುವೆ ವ್ಯಾಯಾಮಶಾಲೆಯೂ ಬೆಳಕಿಗೆ ಬಂದಿದೆ. ಹೀಗೆ ಗ್ರೀಕರ ನೆರೆಯ ಲಿಪಿಯನ್ನು ಬಲ್ಲವನೊಬ್ಬನು ನಮ್ಮ ಮೊಳಕಾಲ್ಮೂರಿನ ಬಂಡೆಯ ಮೇಲೆ ತನ್ನ ಗುರುತು ಬಿಟ್ಟು ಹೋಗಿದ್ದಾನೆ.

ಅಶೋಕನಿಗೆ ಗ್ರೀಕ್ ಅರಸರ ಪರಿಚಯ ಚೆನ್ನಾಗಿತ್ತು. ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಅವನು ಐವರು ಯವನ ರಾಜರನ್ನು ಹೆಸರಿಸುತ್ತಾನೆ. ಅವರಲ್ಲಿ ತುರಮಾಯನೆಂಬವನು ಈಜಿಪ್ಟನ್ನು ಆಳುತ್ತಿದ್ದ ಎರಡನೆಯ ಟಾಲೆಮಿ. ಅದೇ ಶಾಸನಮಾಲೆಯ ಮೊದಲನೆಯ ಶಾಸನದಲ್ಲಿ ಅಶೋಕನು ಪ್ರಾಣಿವಧೆಯನ್ನು ನಿಷೇಧಿಸುವುದರ ಜೊತೆಗೆ ಇನ್ನೊಂದು ಮಾತು ಹೇಳುತ್ತಾನೆ: ಸಮಾಜಗಳನ್ನು ನಡೆಸಕೂಡದು, ಅವುಗಳಲ್ಲಿ ರಾಜನು ಬಹು ದೋಷಗಳನ್ನು ಕಾಣುತ್ತಾನೆ, ಆದರೂ ಕೆಲವು ಸಮಾಜಗಳು ರಾಜನಿಗೆ ಒಳ್ಳೆಯವೆಂದು ತೋರಿವೆ. ಇಲ್ಲಿ ಸಮಾಜವೆಂದರೆ ಇಂದಿನ ಅರ್ಥದ ಸಮಾಜವಲ್ಲ. ಜನರು ನೆರೆದು ಆಟ, ಕಾಳಗ, ಕುಣಿತ, ಪಾನ, ಭೋಜನಗಳಲ್ಲಿ ತೊಡಗುತ್ತಿದ್ದ ಉತ್ಸವಸಭೆ. ಈ ಶಾಸನದ ಪ್ರತಿ ನಮ್ಮ ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ.

ಇತ್ತ ಅಶೋಕನು ಸಮಾಜಗಳನ್ನು ಸಂದೇಹದಿಂದ ನೋಡುತ್ತಿದ್ದರೆ, ಅವನು ಹೆಸರಿಸಿದ ಟಾಲೆಮಿಯು ಅದಕ್ಕೆ ಕೆಲವು ದಶಕಗಳ ಹಿಂದೆ, ಕ್ರಿ.ಪೂ. 279ರ ಸುಮಾರಿಗೆ, ತನ್ನ ತಂದೆಯ ನೆನಪಿನಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ಭಾರಿ ಕ್ರೀಡೋತ್ಸವವೊಂದನ್ನು ಸ್ಥಾಪಿಸಿದ್ದನು. ಅದು ಒಲಿಂಪಿಯಾದ ಕ್ರೀಡೆಗಳಿಗೆ ಸಮಾನವೆಂದು ಗ್ರೀಕ್ ರಾಜ್ಯಗಳು ಒಪ್ಪಬೇಕೆಂದು ಅವನು ದೂತರನ್ನು ಕಳುಹಿಸಿದನು. ಅವನ ಮನೆತನದ ರಾಜರೂ ರಾಣಿಯರೂ ರಥದ ಓಟಗಳಲ್ಲಿ ಪಡೆದ ಜಯಗಳನ್ನು ಕೊಂಡಾಡುವ ಪೊಸಿಡಿಪಸ್ ಕವಿಯ ಪದ್ಯಗಳು, ಈಜಿಪ್ಟಿನ ಹೆಣದ ಹೊದಿಕೆಯೊಂದರಲ್ಲಿ ಸೇರಿಹೋಗಿದ್ದ ಹಾಳೆಗಳಿಂದ ದೊರೆತು 2001ರಲ್ಲಿ ಅಚ್ಚಾದವು. ಸಮಕಾಲೀನರಾದ ಇಬ್ಬರು ಅರಸರಲ್ಲಿ ಒಬ್ಬನು ಉತ್ಸವಸಭೆಯನ್ನು ತಡೆದನು, ಇನ್ನೊಬ್ಬನು ಅದಕ್ಕಾಗಿ ಬೊಕ್ಕಸವನ್ನೇ ತೆರೆದನು. ಜನ ನೆರೆಯುವ ಕಣವೊಂದು ರಾಜ್ಯಕ್ಕೆ ಉದಾಸೀನ ಮಾಡಬಹುದಾದ ವಸ್ತುವಲ್ಲವೆಂಬುದು ಇಬ್ಬರಿಗೂ ತಿಳಿದಿತ್ತು. ಹಾಗಾದರೆ ಕಣಕ್ಕೆ ಇಳಿಯುವ ಅಧಿಕಾರ ಯಾರಿಗೆ? ಅಲ್ಲಿ ಗಳಿಸಿದ ಕೀರ್ತಿ ಯಾರ ಪಾಲು? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಮೊದಲು ಗ್ರೀಸಿಗೆ ಹೋಗೋಣ.

ಎಲೆಯ ಕಿರೀಟ

ಒಲಿಂಪಿಯಾದ ಕ್ರೀಡೆಗಳು ಕ್ರಿ.ಪೂ. 776ರಲ್ಲಿ ಆರಂಭವಾದುವೆಂಬುದು ಸಂಪ್ರದಾಯದ ಲೆಕ್ಕ. ಒಲಿಂಪಿಯಾ ಒಂದು ಪಟ್ಟಣವಲ್ಲ, ಪುಣ್ಯಕ್ಷೇತ್ರ. ಅಲ್ಲಿಯ ಅಧಿದೇವತೆ ಜ್ಯೂಸ್. ನಾಲ್ಕು ವರ್ಷಗಳಿಗೊಮ್ಮೆ ನೆರೆಯುತ್ತಿದ್ದ ಆ ಉತ್ಸವವನ್ನು ನಮ್ಮ ಮಾತಿನಲ್ಲಿ ಜಾತ್ರೆಯೆಂದೇ ಕರೆಯಬೇಕು. ಬಲಿ, ಪೂಜೆ, ಮೆರವಣಿಗೆ, ವ್ಯಾಪಾರ, ಕವಿಗಳ ವಾಚನ ಎಲ್ಲವೂ ಅಲ್ಲಿ ಇದ್ದವು. ಅವುಗಳ ನಡುವೆ ಓಟ, ಕುಸ್ತಿ, ಮುಷ್ಟಿಯುದ್ಧ, ರಥದ ಪಂದ್ಯಗಳು. ಮೊದಮೊದಲು ಇದ್ದದ್ದು ಸುಮಾರು 192 ಮೀಟರಿನ ಒಂದೇ ಓಟ. ಗೆದ್ದವನಿಗೆ ಕಾಡು ಆಲಿವ್ ಮರದ ಕೊಂಬೆಯ ಕಿರೀಟ, ಹಣವಿಲ್ಲ, ಹೊನ್ನಿಲ್ಲ. ಡೆಲ್ಫಿ, ಇಸ್ತ್ಮಸ್, ನೆಮಿಯ ಎಂಬ ಇನ್ನೂ ಮೂರು ಕ್ಷೇತ್ರಗಳಲ್ಲಿ ಇಂಥವೇ ಎಲೆಯ ಕಿರೀಟದ ಕ್ರೀಡೆಗಳಿದ್ದವು. ಪರ್ಷಿಯದ ಸೈನ್ಯ ಗ್ರೀಸಿನ ಮೇಲೆ ನುಗ್ಗಿದ ಕ್ರಿ.ಪೂ. 480ರಲ್ಲಿಯೂ ಒಲಿಂಪಿಯಾದ ಉತ್ಸವ ನಿಲ್ಲಲಿಲ್ಲ. ಹಣಕ್ಕಲ್ಲದೆ ಬರಿಯ ಎಲೆಗಾಗಿ ಸ್ಪರ್ಧಿಸುವ ಜನರೊಡನೆ ಹೋರಾಡಲು ಬಂದೆವೆಂದು ಪರ್ಷಿಯದ ಸರದಾರನೊಬ್ಬನು ಬೆರಗಾದ ಸಂಗತಿಯನ್ನು ಹೆರೊಡೋಟಸ್ ಬರೆದಿದ್ದಾನೆ.

ಆದರೆ ಆ ಎಲೆಯ ಬೆಲೆ ಗೆದ್ದವನು ತನ್ನ ಊರಿಗೆ ಹಿಂತಿರುಗಿದ ಮೇಲೆ ತಿಳಿಯುತ್ತಿತ್ತು. ಗ್ರೀಸ್ ಆಗ ಒಂದು ರಾಜ್ಯವಾಗಿರಲಿಲ್ಲ. ನೂರಾರು ಸ್ವತಂತ್ರ ಪೌರರಾಜ್ಯಗಳ ಸಮೂಹವಾಗಿತ್ತು. ಗೆದ್ದವನ ಹೆಸರಿನೊಡನೆ ಅವನ ಊರಿನ ಹೆಸರನ್ನೂ ಸಾರುತ್ತಿದ್ದುದರಿಂದ ಗೆಲವು ಊರಿನ ಗೆಲವಾಗುತ್ತಿತ್ತು. ಒಲಿಂಪಿಯಾದಲ್ಲಿ ಗೆದ್ದ ಅಥೆನ್ಸಿನ ಪ್ರಜೆಗೆ 500 ದ್ರಾಖ್ಮ ಕೊಡಬೇಕೆಂದು ಸೋಲನ್ ಕಟ್ಟಳೆ ಮಾಡಿದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಅದಲ್ಲದೆ ಅಂಥವನಿಗೆ ಪೌರಭವನದಲ್ಲಿ ಜೀವಮಾನವೆಲ್ಲ ಉಚಿತ ಭೋಜನದ ಗೌರವವಿತ್ತು. ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿದಾಗ ಸಾಕ್ರಟೀಸನು, ತನಗೆ ತಕ್ಕ ಶಿಕ್ಷೆಯೆಂದರೆ ಆ ಭೋಜನವೇ ಎಂದು ನುಡಿದ ಮಾತಿನ ಕಟುತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಓಡುವವನೂ ಗುದ್ದುವವನೂ ಊರಿನ ಆಡಳಿತವನ್ನು ಉತ್ತಮಪಡಿಸಲಾರರು, ಜ್ಞಾನಿಗೆ ಸಲ್ಲಬೇಕಾದ ಮನ್ನಣೆ ಅವರಿಗೆ ಸಲ್ಲುತ್ತಿದೆಯೆಂದು ಝೆನೋಫೇನೀಸ್ ಎಂಬ ಕವಿಯೂ ಅದಕ್ಕಿಂತ ನೂರು ವರ್ಷ ಮೊದಲೇ ದೂರಿದ್ದನು.

ವ್ಯಾಯಾಮಶಾಲೆಯು ಗ್ರೀಕ್ ಊರಿನ ಹೃದಯಸ್ಥಾನ. ಅಲ್ಲಿ ದೇಹವನ್ನು ಹುರಿಗೊಳಿಸಿಕೊಂಡ ಪ್ರಜೆಯೇ ಯುದ್ಧಕಾಲದಲ್ಲಿ ಗುರಾಣಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾದವನು. ಕ್ರೋಟನ್ ಊರಿನ ಮೈಲೋ ಎಂಬ ಮಲ್ಲನು ಒಲಿಂಪಿಯಾದಲ್ಲಿ ಆರು ಸಲ ಗೆದ್ದವನು, ಕ್ರಿ.ಪೂ. 510ರಲ್ಲಿ ನೆರೆಯ ಸಿಬರಿಸ್ ನಗರದ ಮೇಲೆ ಯುದ್ಧವಾದಾಗ ಅವನು ತನ್ನ ಕಿರೀಟಗಳನ್ನು ಧರಿಸಿ, ಸಿಂಹದ ಚರ್ಮ ಹೊದೆದು ಸೈನ್ಯದ ಮುಂದೆ ನಡೆದನೆಂದು ಪುರಾತನ ಇತಿಹಾಸಕಾರರು ಬರೆದಿದ್ದಾರೆ. ವ್ಯಾಯಾಮಶಾಲೆಯಲ್ಲಿ ಕೇವಲ ಮೈ ಬೆಳೆಯುತ್ತಿತ್ತೆಂದೂ ತಿಳಿಯಬಾರದು. ಪ್ಲೇಟೋವಿನ ಅಕಾಡೆಮಿ, ಅರಿಸ್ಟಾಟಲನ ಲೈಸಿಯಮ್ ಇವೆರಡೂ ಅಥೆನ್ಸಿನ ವ್ಯಾಯಾಮಶಾಲೆಗಳಿದ್ದ ಸ್ಥಳಗಳ ಹೆಸರುಗಳೇ. ಸಾಮು ಮಾಡಿದ ನೆಲದಲ್ಲಿಯೇ ತತ್ತ್ವಚರ್ಚೆಯೂ ಬೆಳೆಯಿತು.

ಕಿರೀಟದಿಂದ ಅಧಿಕಾರಕ್ಕೆ

ಊರು ಕೊಟ್ಟ ಗೌರವವನ್ನು ತನ್ನ ಸ್ವಂತ ಸೊತ್ತೆಂದು ತಿಳಿದವರಿಂದ ಊರಿಗೆ ಅಪಾಯವೂ ಒದಗಿತು. ಕ್ರಿ.ಪೂ. 640ರಲ್ಲಿ ಒಲಿಂಪಿಯಾದ ಓಟದಲ್ಲಿ ಗೆದ್ದ ಕೈಲಾನ್ ಎಂಬ ಅಥೆನ್ಸಿನ ಶ್ರೀಮಂತನು, ಕೆಲವೇ ವರ್ಷಗಳಲ್ಲಿ ಊರಿನ ಕೋಟೆಯನ್ನು ಹಿಡಿದು ಸರ್ವಾಧಿಕಾರಿಯಾಗಲು ಹೊರಟನು. ಅದಕ್ಕಾಗಿ ಅವನು ಆರಿಸಿಕೊಂಡದ್ದು ಒಲಿಂಪಿಯಾದ ಉತ್ಸವದ ಕಾಲವನ್ನೇ. ಜನರು ಒಟ್ಟಾಗಿ ಎದ್ದು ಮುತ್ತಿದ್ದರಿಂದ ಆ ಯತ್ನ ಮಣ್ಣುಗೂಡಿತು. ಮುಂದೆ ಪಿಸಿಸ್ಟ್ರೇಟಸನು ಅಥೆನ್ಸನ್ನು ಆಳುತ್ತಿದ್ದಾಗ, ದೇಶಭ್ರಷ್ಟನಾಗಿದ್ದ ಕಿಮೋನನು ರಥದ ಪಂದ್ಯದಲ್ಲಿ ಗೆದ್ದ ತನ್ನ ಎರಡನೆಯ ಜಯವನ್ನು ಆ ಅರಸನ ಹೆಸರಿನಲ್ಲಿ ಸಾರಿಸಿ, ಅದರ ಬದಲಿಗೆ ತವರಿಗೆ ಮರಳುವ ಅಪ್ಪಣೆ ಪಡೆದನು. ಅದೇ ಕುದುರೆಗಳಿಂದ ಮೂರನೆಯ ಸಲ ಗೆದ್ದಾಗ ಪಿಸಿಸ್ಟ್ರೇಟಸನ ಮಕ್ಕಳು ಅವನನ್ನು ಕೊಲ್ಲಿಸಿದರು. ಒಂದು ಗೆಲವನ್ನು ಕೊಟ್ಟು ಮನೆಯನ್ನು ಪಡೆದವನು ಇನ್ನೊಂದು ಗೆಲವಿನಿಂದ ಪ್ರಾಣವನ್ನೇ ಕಳೆದುಕೊಂಡನು.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಆಲ್ಸಿಬಯಾಡಿಸನ ಕಥೆ. ಕ್ರಿ.ಪೂ. 416ರಲ್ಲಿ ಅವನು ಒಲಿಂಪಿಯಾದ ರಥದ ಪಂದ್ಯಕ್ಕೆ ಏಳು ರಥಗಳನ್ನು ಇಳಿಸಿದನು. ಯಾವ ಖಾಸಗಿ ವ್ಯಕ್ತಿಯೂ ಅದುವರೆಗೆ ಅಷ್ಟು ರಥಗಳನ್ನು ಇಳಿಸಿರಲಿಲ್ಲ. ಮೊದಲನೆಯ, ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು ಅವನಿಗೆ ದೊರೆತವು. ರಥದ ಪಂದ್ಯದ ಒಂದು ವಿಶೇಷವನ್ನು ವಾಚಕರು ಇಲ್ಲಿ ಗಮನಿಸಬೇಕು. ಅಲ್ಲಿ ಕಿರೀಟ ಸಲ್ಲುವುದು ಸಾರಥಿಗಲ್ಲ, ಕುದುರೆಗಳ ಒಡೆಯನಿಗೆ. ಎಂದರೆ ಬೆವರು ಒಬ್ಬನದು, ಕೀರ್ತಿ ಮತ್ತೊಬ್ಬನದು. ಮರುವರ್ಷ ಸಿಸಿಲಿಯ ಮೇಲೆ ದಂಡೆತ್ತಿ ಹೋಗುವ ವಿಷಯ ಪೌರಸಭೆಯ ಮುಂದೆ ಬಂದಾಗ ಆಲ್ಸಿಬಯಾಡಿಸನು ತನ್ನ ರಥಗಳ ಗೆಲವನ್ನೇ ಸೇನಾಪತ್ಯಕ್ಕೆ ತಕ್ಕ ಅರ್ಹತೆಯೆಂದು ವಾದಿಸಿದನು. ಥುಸಿಡೈಡೀಸನು ಆ ಭಾಷಣವನ್ನು ದಾಖಲೆ ಮಾಡಿದ್ದಾನೆ. ಜನ ಒಪ್ಪಿದರು. ದಂಡು ಹೊರಟಿತು. ಮಧ್ಯದಲ್ಲಿಯೇ ಆಲ್ಸಿಬಯಾಡಿಸನು ಆರೋಪಕ್ಕೊಳಗಾಗಿ ಶತ್ರುವಾದ ಸ್ಪಾರ್ಟಾವನ್ನು ಸೇರಿಕೊಂಡನು. ಕ್ರಿ.ಪೂ. 413ರಲ್ಲಿ ಅಥೆನ್ಸಿನ ಆ ಸೈನ್ಯ ಸಿಸಿಲಿಯಲ್ಲಿ ಸಂಪೂರ್ಣ ನಾಶವಾಯಿತು. ಕುದುರೆಗಳ ಓಟವನ್ನು ರಾಜನೀತಿಯ ಸಾಕ್ಷಿಯೆಂದು ಸ್ವೀಕರಿಸಿದ್ದಕ್ಕೆ ಒಂದು ಊರು ತೆತ್ತ ಬೆಲೆ ಇದು.

ಒಲಿಂಪಿಯಾದ ಶಾಂತಿಯ ಬಗ್ಗೆಯೂ ಒಂದು ಮಾತು ಅಗತ್ಯ. ಉತ್ಸವಕ್ಕೆ ಹೋಗಿ ಬರುವವರಿಗೆ ತಡೆಯಾಗಬಾರದೆಂದೂ ಕ್ಷೇತ್ರದ ಮೇಲೆ ಯಾರೂ ಆಯುಧ ಹಿಡಿದು ಬರಬಾರದೆಂದೂ ಶಾಂತಿಕಾಲವನ್ನು ಸಾರುತ್ತಿದ್ದರು. ಆದರೆ ಗ್ರೀಸಿನ ಯುದ್ಧಗಳೆಲ್ಲ ಅದರಿಂದ ನಿಲ್ಲುತ್ತಿದ್ದವೆಂಬ ನಂಬಿಕೆಗೆ ಆಧಾರವಿಲ್ಲ. ಕ್ರಿ.ಪೂ. 420ರಲ್ಲಿ ಶಾಂತಿಭಂಗದ ದಂಡವನ್ನು ತೆರಲಿಲ್ಲವೆಂದು ಬಲಿಷ್ಠ ಸ್ಪಾರ್ಟಾವನ್ನೇ ಕ್ರೀಡೆಗಳಿಂದ ಹೊರಗಿಟ್ಟರು. ಆಗ ಲಿಖಾಸ್ ಎಂಬ ಸ್ಪಾರ್ಟಾದ ಹಿರಿಯನು ತನ್ನ ರಥವನ್ನು ಬೇರೆಯವರ ಹೆಸರಿನಲ್ಲಿ ಓಡಿಸಿ, ಗೆದ್ದ ಕ್ಷಣ ತಾಳಲಾರದೆ ಕಣಕ್ಕೆ ಬಂದು ಸಾರಥಿಗೆ ಪಟ್ಟಿ ಕಟ್ಟಿದನು. ಕ್ರೀಡಾಧಿಕಾರಿಗಳು ಅವನಿಗೆ ಛಡಿಯೇಟು ಕೊಡಿಸಿದರು. ಕ್ರಿ.ಪೂ. 364ರಲ್ಲಿ ಉತ್ಸವದ ನಡುವೆ ಕ್ಷೇತ್ರದೊಳಗೇ ಯುದ್ಧ ನಡೆದದ್ದೂ ಉಂಟು.

ಇನ್ನು ಕಣಕ್ಕೆ ಇಳಿಯುವ ಅಧಿಕಾರ ಯಾರದು? ಸ್ವತಂತ್ರ ಗ್ರೀಕ್ ಗಂಡಸರದು ಮಾತ್ರ. ಮಾಸಿಡೋನಿಯದ ಒಂದನೆಯ ಅಲೆಕ್ಸಾಂಡರ್ ದೊರೆಯು ಓಟಕ್ಕೆ ಬಂದಾಗ ಇವನು ಗ್ರೀಕನಲ್ಲವೆಂದು ಇತರರು ಆಕ್ಷೇಪಿಸಿದರು. ಅವನು ತನ್ನ ವಂಶ ಆರ್ಗೋಸ್ ಊರಿನದೆಂದು ಸಾಧಿಸಿದ ಮೇಲೆಯೇ ಪ್ರವೇಶ ದೊರೆಯಿತು. ಅಥೆನ್ಸಿನಲ್ಲಿ ದಾಸರು ವ್ಯಾಯಾಮಶಾಲೆಯಲ್ಲಿ ಸಾಮು ಮಾಡಬಾರದೆಂಬ ಕಟ್ಟಳೆಯಿತ್ತು. ಸ್ತ್ರೀಯರಿಗೆ ಕಣ ನಿಷಿದ್ಧ. ಆದರೂ ಸ್ಪಾರ್ಟಾದ ರಾಜಪುತ್ರಿ ಕೈನಿಸ್ಕಾ ಕ್ರಿ.ಪೂ. 396ರಲ್ಲಿಯೂ 392ರಲ್ಲಿಯೂ ಕುದುರೆಗಳ ಒಡತಿಯಾಗಿ, ಕಣಕ್ಕೆ ಕಾಲಿಡದೆಯೇ ರಥದ ಪಂದ್ಯವನ್ನು ಗೆದ್ದಳು. ಪ್ರಜೆಗಳ ಸಮಾನತೆಯನ್ನು ಕೊಂಡಾಡಿದ ಗ್ರೀಕರು ಪ್ರಜೆಗಳಲ್ಲದವರನ್ನು ಬೇಲಿಯ ಹೊರಗೇ ನಿಲ್ಲಿಸಿದ್ದರು.

ಅರಸನ ಕಣ

ಈ ಬೇಲಿ ನಮಗೆ ಅಪರಿಚಿತವೇನಲ್ಲ. ಮಹಾಭಾರತದ ರಂಗಪ್ರದರ್ಶನವನ್ನು ನೆನೆಯಿರಿ. ಕುರುಕುಮಾರರ ಶಸ್ತ್ರವಿದ್ಯೆಯನ್ನು ನೋಡಲು ಪುರವೇ ನೆರೆದಾಗ ಕರ್ಣನು ಅರ್ಜುನನಿಗೆ ಸವಾಲು ಹಾಕುತ್ತಾನೆ. ಆಗ ಅವನಿಗೆ ಎದುರಾದ ಮೊದಲನೆಯ ಪ್ರಶ್ನೆ ಬಿಲ್ಲಿನದಲ್ಲ, ಕುಲದ್ದು. ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿದ ಮೇಲೆ ಕರ್ಣನಿಗೆ ಕಣದಲ್ಲಿ ನಿಲ್ಲುವ ಯೋಗ್ಯತೆ ಬರುತ್ತದೆ. ಮಾಸಿಡೋನಿಯದ ದೊರೆಯು ವಂಶವನ್ನು ಸಾಧಿಸಿ ಪಡೆದುದನ್ನು ಕರ್ಣನು ಮಿತ್ರನ ಕೈಯಿಂದ ಪಡೆದನು. ಆ ಋಣ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮ ಪಂಪನೂ ಈ ಪ್ರಸಂಗಕ್ಕೆ ವಿಶೇಷ ಗಮನ ಕೊಟ್ಟಿದ್ದಾನೆಂಬುದನ್ನು ಬಲ್ಲವರು ಬಲ್ಲರು.

ಕರ್ಣಾಟಕದ ಅರಸರಲ್ಲಿ ಕ್ರೀಡೆಯ ಕೀರ್ತಿಯನ್ನು ಶಾಸನದಲ್ಲಿ ಕೊರೆಯಿಸಿಕೊಂಡವರಿದ್ದಾರೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಅಲ್ಲಿಯ ಶಾಸನವು ಕುದುರೆಯೇರಿ ಚೆಂಡನ್ನು ಹೊಡೆಯುವ ಆಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ವಿಸ್ತಾರವಾಗಿ ಹೊಗಳುತ್ತದೆ. ರಾಷ್ಟ್ರಕೂಟ ಸಾಮ್ರಾಜ್ಯ ಅದಕ್ಕೆ ಒಂಬತ್ತು ವರ್ಷ ಮೊದಲೇ, 973ರಲ್ಲಿ, ಕೈಬಿಟ್ಟಿತ್ತು. ಆಳಲು ರಾಜ್ಯವಿಲ್ಲದ ರಾಜಕುಮಾರನಿಗೆ ಉಳಿದ ಹೆಮ್ಮೆಗಳಲ್ಲಿ ಆಟದ ಬಿರುದೂ ಒಂದಾಗಿತ್ತು.

ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ನಮ್ಮ ಈ ಸೀಮೆಯೂ ನೊಳಂಬವಾಡಿಯ ಭಾಗವಾಗಿ ಅವರ ಆಳ್ವಿಕೆಗೆ ಒಳಪಟ್ಟಿದ್ದಾಗ, ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ರಾಜನ ವಿನೋದಗಳನ್ನು ಹೇಳುವಾಗ ಮಲ್ಲವಿನೋದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಮಲ್ಲರನ್ನು ಶಕ್ತಿ ಸಾಮರ್ಥ್ಯಗಳಿಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುವುದು, ಅವರ ಆಹಾರ, ಅಭ್ಯಾಸ, ಪಟ್ಟುಗಳು, ಅರಸನ ಎದುರಿನಲ್ಲಿ ಅವರ ಕಾಳಗ, ಇವೆಲ್ಲದರ ವಿವರವಿದೆ. ಅಲ್ಲಿ ಮೇಲು ದರ್ಜೆಯ ಮಲ್ಲನಿಗೆ ಜ್ಯೇಷ್ಠಿಕನೆಂಬ ಹೆಸರು. ಇಂದಿನ ಜಟ್ಟಿ ಎಂಬ ಮಾತಿನ ಮೂಲ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ವಾಚಕರು ಗಮನಿಸಬೇಕಾದದ್ದು ಗ್ರಂಥದ ದೃಷ್ಟಿಯನ್ನು. ಮಲ್ಲನು ರಾಜನ ಅನ್ನ ತಿನ್ನುವವನು, ಅವನ ಕಾಳಗ ರಾಜನ ವಿನೋದ, ಅವನ ಗೆಲವು ರಾಜನ ಸಭೆಗೆ ಶೋಭೆ.

ವಿಜಯನಗರದಲ್ಲಿ ಈ ಸಂಬಂಧ ಇನ್ನೂ ಗಾಢವಾಯಿತು. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸಿದ್ದಾನೆ. ರಾಯನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುವಿ, ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿಯಾಡಿ, ಕುದುರೆಯೇರಿ ಬಯಲಿಗೆ ಹೋಗುತ್ತಿದ್ದನು. ಮಹಾನವಮಿಯ ಉತ್ಸವದಲ್ಲಿ ನಡೆಯುತ್ತಿದ್ದ ಜಟ್ಟಿ ಕಾಳಗವನ್ನೂ ಪಾಯೆಸನು ಕಂಡನು. ಹಲ್ಲು ಉದುರುವಂಥ, ಕಣ್ಣು ಹೋಗುವಂಥ ಹೊಡೆತಗಳಿದ್ದವೆಂದೂ, ಜೋಡಿಗಳನ್ನು ಸರಿಸಮವಾಗಿ ಕೂಡಿಸಿ ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರೆಂದೂ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆ ಜಟ್ಟಿಗಳು ಇಂದಿಗೂ ಪಟ್ಟು ಹಿಡಿದೇ ನಿಂತಿದ್ದಾರೆ. ಸಾಮಂತರು, ನಾಯಕರು, ದಂಡು, ಆನೆ ಕುದುರೆಗಳು ಒಂದೆಡೆ ನೆರೆಯುತ್ತಿದ್ದ ಆ ಒಂಬತ್ತು ದಿನಗಳು ಸಾಮ್ರಾಜ್ಯದ ಬಲಪ್ರದರ್ಶನವಾಗಿದ್ದವು. ಜಟ್ಟಿಯ ತೋಳು ರಾಯನ ತೋಳಿನ ಸಂಕೇತ.

ಆದುದರಿಂದಲೇ, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೈಸೂರಿನ ರಾಜ ಒಡೆಯರು ಅದೇ ವರ್ಷ ಅಲ್ಲಿ ದಸರೆಯನ್ನು ಆರಂಭಿಸಿದ್ದು ಅರ್ಥಗರ್ಭಿತವಾದ ಕಾರ್ಯ. ಉತ್ಸವವನ್ನು ನಡೆಸುವವನೇ ವಿಜಯನಗರದ ಉತ್ತರಾಧಿಕಾರಿಯೆಂಬ ಘೋಷಣೆ ಅದರಲ್ಲಿತ್ತು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ, ಊರಬಾಗಿಲಲ್ಲಿ ತನ್ನ ಚಲ್ಲಣವನ್ನು ತೂಗಹಾಕಿ ಸವಾಲೆಸೆದಿದ್ದ ಜಟ್ಟಿಯನ್ನು ಸೋಲಿಸಿದರೆಂಬುದು ಐತಿಹ್ಯ. ಕಥೆ ಎಷ್ಟರಮಟ್ಟಿಗೆ ನಿಜವೋ ಇರಲಿ. ಕುಸ್ತಿಯ ಗೆಲವು ಅರಸನಾಗುವವನ ಯೋಗ್ಯತೆಗೆ ಪ್ರಮಾಣವೆಂದು ಜನ ನಂಬಿದ್ದರೆಂಬುದಕ್ಕೆ ಅದೇ ಸಾಕ್ಷಿ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳ ಆ ಕಾಳಗ ಮೊದಲ ರಕ್ತಬಿಂದು ಕಂಡೊಡನೆ ಮುಗಿಯುತ್ತದೆ.

ನಮ್ಮ ಚಿತ್ರದುರ್ಗದ ಕೋಟೆಯೊಳಗೂ ಗರಡಿಮನೆಯೊಂದಿದೆ. ಕೋಟೆಯನ್ನು ಉಳಿಸಿದ್ದು ಕಲ್ಲು ಮಾತ್ರವಲ್ಲವೆಂಬುದನ್ನು ಅದು ನೆನಪಿಸುತ್ತದೆ. 1695ರಲ್ಲಿ ಚಳ್ಳಕೆರೆಯ ಸಮೀಪದ ದೊಡ್ಡೇರಿಯಲ್ಲಿ ಮೊಗಲ್ ಸರದಾರ ಖಾಸಿಂಖಾನನ ದಂಡನ್ನು ಮರಾಠ ಸೇನಾನಿ ಸಂತಾಜಿ ಘೋರ್ಪಡೆಯು ಮುತ್ತಿದಾಗ, ದುರ್ಗದ ಬರಮಪ್ಪ ನಾಯಕನ ಬೇಡ ಪಡೆ ಸಂತಾಜಿಯ ಪಕ್ಕದಲ್ಲಿತ್ತು. ಖಾಸಿಂಖಾನನು ದೊಡ್ಡೇರಿಯಲ್ಲಿಯೇ ಮರಣ ಹೊಂದಿದನು. ಬೇಟೆಯಲ್ಲಿ ಗುರಿ ಕಲಿತ, ಬಂಡೆಗಳ ನಡುವೆ ಓಡಿ ಬೆಳೆದ ಕಾಲಾಳುಗಳು ಔರಂಗಜೇಬನ ದಂಡನ್ನು ಕಂಗೆಡಿಸಿದ ಆ ಪ್ರಸಂಗದಲ್ಲಿ, ಗ್ರೀಕರು ವ್ಯಾಯಾಮಶಾಲೆಯಿಂದ ಬಯಸಿದ ಫಲವನ್ನೇ ನಾವು ಕಾಣುತ್ತೇವೆ. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದ ಮೇಲೆ ನಾಯಕರ ಆಳ್ವಿಕೆ ಕೊನೆಗೊಂಡಿತು.

ಇಲ್ಲಿಗೆ ಎರಡು ನಾಡುಗಳ ಭೇದ ಸ್ಪಷ್ಟವಾಗುತ್ತದೆ. ಗ್ರೀಸಿನಲ್ಲಿ ಕಣ ಊರಿನದು. ಆಡುವವನು ಸ್ವತಃ ಪ್ರಜೆ. ಆದಕಾರಣ ಗೆದ್ದವನು ಅಧಿಕಾರವನ್ನು ಬಯಸಬಲ್ಲವನಾಗಿದ್ದನು, ಊರಿಗೆ ಅಪಾಯವೂ ಆಗಬಲ್ಲವನಾಗಿದ್ದನು. ನಮ್ಮಲ್ಲಿ ಕಣ ಅರಸನದು. ಜಟ್ಟಿಯು ಎಷ್ಟು ಗೆದ್ದರೂ ಜಟ್ಟಿಯೇ, ಅವನಿಂದ ಸಿಂಹಾಸನಕ್ಕೆ ಭಯವಿಲ್ಲ. ಆದರೆ ಅಲ್ಲಿಯ ಸಾರಥಿಗೂ ಇಲ್ಲಿಯ ಜಟ್ಟಿಗೂ ಒಂದು ಸಾಮ್ಯವಿದೆ. ಇಬ್ಬರ ಬೆವರಿನ ಕೀರ್ತಿಯೂ ಒಡೆಯನ ಹೆಸರಿಗೆ ಬರೆಯಲ್ಪಟ್ಟಿತು.

ಜಾತ್ರೆಯ ಕಣ

ಅರಸರು ಹೋದರು, ಆಟ ಹೋಗಲಿಲ್ಲ. ನಮ್ಮ ನಾಡಿನಲ್ಲಿ ಅದನ್ನು ಉಳಿಸಿಕೊಂಡದ್ದು ಊರ ಗರಡಿ ಮತ್ತು ಜಾತ್ರೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಅರಿಸಿನಗಳನ್ನು ಬೆರೆಸಿ ಹದಮಾಡಿದ ಮಟ್ಟಿ. ಗೋಡೆಯಲ್ಲಿ ಹನುಮಂತನ ಪಟ. ಮ‌ೂಲೆಯಲ್ಲಿ ಗದೆ, ಲೋಡು. ಹುಡುಗರು ಉಸ್ತಾದರಿಗೆ ನಮಸ್ಕರಿಸಿ ಮಟ್ಟಿಯನ್ನು ಹಣೆಗೆ ಹಚ್ಚಿಕೊಂಡು ಇಳಿಯುವ ಆ ಗರಡಿಯಲ್ಲಿ ಅರಸನ ಗದ್ದುಗೆಯಿಲ್ಲ. ಜಾತ್ರೆಯಲ್ಲಿ ಕುಸ್ತಿ ಗೆದ್ದವನಿಗೆ ತೊಡಿಸುವ ಬೆಳ್ಳಿಯ ಕಡಗಕ್ಕೆ ಹಣ ಸೇರುವುದು ಊರವರ ವಂತಿಗೆಯಿಂದ.

ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲ ಬಂಧುಗಳು ನಡೆಸುವ ಕ್ಯಾತೇದೇವರ ಜಾತ್ರೆಯನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಮುಳ್ಳಿನ ಪೊದೆಗಳನ್ನು ಒಟ್ಟಿ ಎತ್ತರಕ್ಕೆ ಕಟ್ಟಿದ ಗುಡಿ. ಅದರ ತುದಿಯಲ್ಲಿ ಕಳಸ. ಆ ಕಳಸವನ್ನು ಇಳಿಸಲು ಯುವಕರು ಬರಿಗಾಲಿನಲ್ಲಿ ಮುಳ್ಳುಗಳ ಮೇಲೆಯೇ ಹತ್ತುತ್ತಾರೆ. ಚುರುಕು, ಧೈರ್ಯ, ಸಹನೆ, ದೈವದ ಮೇಲಿನ ಭಾರ ಎಲ್ಲವೂ ಅಲ್ಲಿ ಒಂದಾಗುತ್ತವೆ. ಒಲಿಂಪಿಯಾದ ಮೊದಲ ಓಟಗಳೂ ಒಂದು ದೇವತಾಕಾರ್ಯದ ಅಂಗವೇ ಆಗಿದ್ದವೆಂಬುದನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ ಇಲ್ಲಿ ಕಣ್ಣಾರೆ ನೋಡಿ ತಿಳಿಯುವುದು ಸುಲಭ. ಇಲ್ಲಿ ಹತ್ತುವ ಕಾಲೂ ಕೀರ್ತಿಯ ಹೆಸರೂ ಒಬ್ಬನವೇ; ನಡುವೆ ಒಡೆಯನಿಲ್ಲ.

ಅದೇ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿಗಳ ರಥೋತ್ಸವದ ದಿನ ಇನ್ನೊಂದು ಬಗೆಯ ಸ್ಪರ್ಧೆ ನಡೆಯುತ್ತದೆ. ರಥ ಹೊರಡುವ ಮೊದಲು ಮುಕ್ತಿ ಬಾವುಟದ ಹರಾಜು. ಲಕ್ಷಗಟ್ಟಲೆ ರೂಪಾಯಿಗಳವರೆಗೆ ಕೂಗು ಏರುತ್ತದೆ. ಕೂಗುವವರಲ್ಲಿ ಜನಪ್ರತಿನಿಧಿಗಳೂ ಇರುತ್ತಾರೆ. ನೆರೆದ ಜನಸಾಗರದ ಮುಂದೆ ಗೌರವವನ್ನು ಗಳಿಸುವ ಈ ಆಸೆ ಮನುಷ್ಯಸಹಜ. ಆ ಹಣ ದೇವಸ್ಥಾನಕ್ಕೆ ಸೇರುವುದರಿಂದ ಇದನ್ನು ಆಲ್ಸಿಬಯಾಡಿಸನ ರಥಗಳೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಆದರೂ ಜನ ನೆರೆದ ಕಡೆ ಕೀರ್ತಿಯನ್ನು ಅರಸಿ ಅಧಿಕಾರವಂತರು ಬರುವುದು ಅಥೆನ್ಸಿಗೆ ಮಾತ್ರ ಸೇರಿದ ಗುಣವಲ್ಲವೆಂಬುದಂತೂ ನಿಜ. ಇಲ್ಲಿ ನೆನೆಯಬೇಕಾದದ್ದು ಆ ಗುರುಗಳ ನಡೆಯನ್ನು. ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿದಷ್ಟಕ್ಕೆ ತಕ್ಕ ಕೂಲಿ ದೊರೆಯುವಂತೆ ಮಾಡಿದರೆಂದು ಜನ ಇಂದಿಗೂ ಹೇಳುತ್ತಾರೆ. ಯಾರ ಬೆವರೋ ಅವರಿಗೇ ಫಲ ಎಂಬುದು ಅವರ ಅಳತೆಗೋಲು. ಸಾರಥಿಯ ಕಿರೀಟವನ್ನು ಒಡೆಯನಿಗೆ ತೊಡಿಸಿದ ಒಲಿಂಪಿಯಾದವರಿಗೆ ಈ ಅಳತೆ ತಿಳಿದಿರಲಿಲ್ಲ.

ಈಗ ಮತ್ತೆ ಚಪಡನು ಬರೆದ ಬಂಡೆಯನ್ನು ಓದೋಣ. ಆ ಶಾಸನದಲ್ಲಿ ಅಶೋಕನು ಹೇಳುವ ಮುಖ್ಯ ವಿಷಯ ಪರಾಕ್ರಮ; ಎಂದರೆ ಪ್ರಯತ್ನ. ಒಂದು ವರ್ಷ ಕಾಲ ತಾನು ಸಾಕಷ್ಟು ಪ್ರಯತ್ನಿಸಲಿಲ್ಲವೆಂದೂ, ಆಮೇಲೆ ಹುರುಪಿನಿಂದ ತೊಡಗಿದೆನೆಂದೂ ಚಕ್ರವರ್ತಿಯು ಒಪ್ಪಿಕೊಳ್ಳುತ್ತಾನೆ. ಈ ಪ್ರಯತ್ನದ ಫಲವನ್ನು ದೊಡ್ಡವರು ಮಾತ್ರ ಪಡೆಯಬಲ್ಲರೆಂದಲ್ಲ, ಸಣ್ಣವನೂ ಪ್ರಯತ್ನಿಸಿದರೆ ದೊಡ್ಡ ಫಲವನ್ನು ಪಡೆಯಬಲ್ಲನು. ಆದುದರಿಂದ ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರೂ ಇದನ್ನು ತಿಳಿಯಲಿ ಎಂದು ಸಾರುತ್ತಾನೆ. ಯಾವ ಕುಲ, ಯಾವ ಊರು, ಒಡೆಯನೋ ದಾಸನೋ ಎಂಬ ಪ್ರಶ್ನೆ ಆ ಕಣದ ಬಾಗಿಲಲ್ಲಿಲ್ಲ. ಸಮಾಜಗಳಲ್ಲಿ ದೋಷ ಕಂಡರೂ ಕೆಲವು ಒಳ್ಳೆಯವೆಂದು ಅಶೋಕನು ಏಕೆ ಹೇಳಿದನೆಂಬುದನ್ನು ಅವನು ವಿವರಿಸಲಿಲ್ಲ. ಆದರೆ ಮೊಳಕಾಲ್ಮೂರಿನ ಈ ಮಾತನ್ನು ಎರ್ರಗುಡಿಯ ಆ ಮಾತಿನ ಪಕ್ಕದಲ್ಲಿಟ್ಟು ಓದಿದರೆ ಒಳ್ಳೆಯ ಕಣದ ಲಕ್ಷಣ ಯಾವುದೆಂದು ನಾವೇ ಊಹಿಸಿಕೊಳ್ಳಬಹುದು.

ಸಹೃದಯ ವಾಚಕರೇ, ಇಂದು ನಮ್ಮ ಶಾಲೆಗಳ ಬಯಲಿನಲ್ಲಿಯೂ ಹಳ್ಳಿಯ ಜಾತ್ರೆಗಳಲ್ಲಿಯೂ ಮಕ್ಕಳು ಓಡುತ್ತಿದ್ದಾರೆ, ಸೆಣಸುತ್ತಿದ್ದಾರೆ. ವೇದಿಕೆಯ ಮೇಲಿನ ಹಾರಗಳು ಯಾರ ಕೊರಳಿಗೆ ಬೀಳುತ್ತಿವೆಯೆಂಬುದನ್ನು ಒಮ್ಮೆ ನೋಡಿರಿ. ಕಪ್ಪಿಗೆ ಹಣ ಕೊಟ್ಟವರ ಹೆಸರು ಫಲಕದಲ್ಲಿ ದೊಡ್ಡದಾಗಿ, ಓಡಿದ ಹುಡುಗಿಯ ಹೆಸರು ಎಲ್ಲಿಯೂ ಇಲ್ಲದಂತೆ ಆಗಿದ್ದರೆ, ನಾವು ಇನ್ನೂ ಸಾರಥಿಯ ಕಿರೀಟವನ್ನು ಕುದುರೆಗಳ ಒಡೆಯನಿಗೇ ತೊಡಿಸುತ್ತಿದ್ದೇವೆಂದು ತಿಳಿಯಬೇಕು. ಬಾಗಿಲಲ್ಲಿ ಕುಲವನ್ನು ಕೇಳದ, ಬೆವರಿದವನಿಗೇ ಮರ್ಯಾದೆ ಸಲ್ಲಿಸುವ ಕಣವನ್ನು ಪ್ರತಿಯೊಂದು ಊರೂ ಉಳಿಸಿಕೊಳ್ಳಬೇಕು. ಅದಕ್ಕೆ ಅರಸನ ಬೊಕ್ಕಸ ಬೇಕಿಲ್ಲ. ಹದವಾದ ಮಟ್ಟಿ, ನ್ಯಾಯವಂತ ತೀರ್ಪುಗಾರ, ನೋಡಲು ಕೂಡಿದ ಊರು ಇಷ್ಟಿದ್ದರೆ ಸಾಕು.